ರಾಯಗೋಪುರದ ಹೊಂಬೆಳಕು
ಮೇಲುಕೋಟೆಯ ರಾಯಗೋಪುರದ ಅಪೂರ್ಣ ಸ್ತಂಭಗಳ ನಡುವೆ, ಸೂರ್ಯೋದಯದ ಎಳೆಬಿಸಿಲಿನಲ್ಲಿ, ವಿವಾಹ ನಿಶ್ಚಯವಾದ ತರುಣ ತರುಣಿಯರ ಚಿತ್ರ ತೆಗೆಯುತ್ತಿದ್ದ ಛಾಯಾಗ್ರಾಹಕನೊಬ್ಬನ ಕೌಶಲವನ್ನು ಕಂಡು ನನ್ನ ಮನಸ್ಸು ಗೌರವದಿಂದ ತುಂಬಿತು. ಕ್ಷಿತಿಜದ ಸಮೀಪದ ಸೂರ್ಯಕಿರಣಗಳು ವಾಯುಮಂಡಲದ ದೀರ್ಘಪಥವನ್ನು ಹಾದುಬರುವಾಗ ನೀಲಿಯು ಚೆದರಿ ಹೊಂಬಣ್ಣವೇ ಉಳಿಯುವ ಆ ಅಲ್ಪಾವಧಿಗಾಗಿ ಆತನು ಕತ್ತಲಿರುವಾಗಲೇ ಬೆಟ್ಟವೇರಿದ್ದನು. ಸೂರ್ಯನನ್ನು ಅವರ ಬೆನ್ನಿಗಿರಿಸಿ, ಕೇಶದಂಚಿಗೆ ಹೊನ್ನಿನ ರೇಖೆಯನ್ನು ಬರಿಸಿ, ಸಹಾಯಕನು ಹಿಡಿದ ರಿಫ್ಲೆಕ್ಟರಿನ ಬಿಳಿಯ ಮಗ್ಗುಲಿನಿಂದ ಮುಖಗಳಿಗೆ ಬೆಳಕನ್ನು ಹಾಯಿಸಿದನು; ಬೆಳ್ಳಿಯ ಮಗ್ಗುಲಾದರೆ ಕಣ್ಣು ಕಿರಿದಾದೀತೆಂಬ ಎಚ್ಚರ ಆತನದು. 85 ಮಿಲಿಮೀಟರಿನ ಲೆನ್ಸನ್ನು ತೊಡಿಸಿ ಹಲವು ಹೆಜ್ಜೆ ಹಿಂದೆ ಸರಿದುದರಿಂದ ಮುಖದ ಪ್ರಮಾಣ ಕೆಡಲಿಲ್ಲ; ಅದಕ್ಕಿಂತ ಮಿಗಿಲಾಗಿ, ಸಂಕೋಚದಿಂದಿದ್ದ ಇಬ್ಬರಿಗೂ ಏಕಾಂತ ದೊರೆಯಿತು. ನನಗೆ ಅತ್ಯಂತ ಪ್ರಿಯವಾದುದು ಈ ದಾಕ್ಷಿಣ್ಯವೇ. “ಕ್ಯಾಮೆರಾ ನೋಡ್ಬೇಡಿ ಮೇಡಂ, ಸರ್ ಜೊತೆ ಮಾತಾಡ್ತಾ ನಡ್ಕೊಂಡು ಬನ್ನಿ” ಎಂದು ಆತನು ಹೇಳಿದ ಮೇಲೆ ಬಿಗಿದ ಭುಜಗಳು ಸಡಿಲಗೊಂಡು, ಆಕೆ ಸೆರಗನ್ನು ಸರಿಪಡಿಸಿಕೊಳ್ಳುತ್ತ ತನಗರಿಯದೆಯೇ ನಕ್ಕ ಕ್ಷಣವನ್ನು ಆತನು ತಪ್ಪಿಸಿಕೊಳ್ಳಲಿಲ್ಲ. ಬಿಸಿಲೇರಿ ಕಣ್ಣುಗಳ ಕೆಳಗೆ ಕರಿನೆರಳು ಬೀಳತೊಡಗಿದೊಡನೆ, ಅವರಿನ್ನೂ ಉತ್ಸುಕರಾಗಿದ್ದರೂ, ಕೆಲಸವನ್ನು ನಿಲ್ಲಿಸುವ ಸಂಯಮವೂ ಆತನಿಗಿತ್ತು.