ತೇರು ಉರುಳುವ ಬೀದಿ

ಗೋಕರ್ಣದ ಓಂ ಬೀಚಿಗೆ ಇಳಿಯುವ ಮೆಟ್ಟಿಲುಗಳ ತುದಿಯಲ್ಲಿ ವಾಹನ ನಿಲ್ಲಿಸುವ ಜಾಗವಿದೆ. ರಜೆಯ ದಿನ ಅಲ್ಲಿ ನಿಂತ ಕಾರುಗಳ ಒಳಗೆ ಒಮ್ಮೆ ಕಣ್ಣು ಹಾಯಿಸಿ. ಯಾವುದಾದರೊಂದು ಕಾರಿನ ಹಿಂದಿನ ಬಾಗಿಲು ತೆರೆದಿರುತ್ತದೆ. ಒಬ್ಬ ಅಜ್ಜಿ ಕಾಲು ಹೊರಗೆ ಇಳಿಬಿಟ್ಟುಕೊಂಡು ಕೂತಿರುತ್ತಾಳೆ, ಮಡಿಲಲ್ಲಿ ಮೊಮ್ಮಕ್ಕಳ ಟೊಪ್ಪಿಗೆ ಮತ್ತು ನೀರಿನ ಬಾಟಲಿ. ಮಗ, ಸೊಸೆ ಮಕ್ಕಳನ್ನು ಕರೆದುಕೊಂಡು ಕೆಳಗೆ ಹೋಗಿ ತಾಸಾಗಿರುತ್ತದೆ. ನಮ್ಮವ್ವನೂ ಒಂದು ಜನವರಿಯಲ್ಲಿ ಹೀಗೆಯೇ ಕೂತಿದ್ದಳು. “ನೀ ಇಲ್ಲೇ ಕೂತಿರು, ಹಿಂಗ ಹೋಗಿ ಹಂಗ ಬರ್ತೇವಿ” ಎಂದು ಹೇಳಿ ಹೋದವನು ನಾನು. ಮರಳಿ ಬಂದಾಗ ಅವಳು ಸಿಟ್ಟಾಗಿರಲಿಲ್ಲ. “ಚೊಲೋ ಇತ್ತೇನು?” ಎಂದು ಕೇಳಿದಳು. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ತಪ್ಪಾದದ್ದು ಎಲ್ಲಿ ಎಂದು ಹುಡುಕುತ್ತ, ಆ ಪ್ರವಾಸಕ್ಕೆಂದು ನಾನು ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಮತ್ತೆ ಓದಿದೆ. ಗೋಕರ್ಣಕ್ಕೆ ಹೋಗುವ ಬಹುಪಾಲು ಕುಟುಂಬಗಳ ಚೀಟಿ ಹೀಗೆಯೇ ಇರುತ್ತದೆ. ಮೊದಲ ದಿನ ಬೆಳಿಗ್ಗೆ ಮಹಾಬಲೇಶ್ವರನ ದರ್ಶನ ಮುಗಿಸಿ ಕುಡ್ಲೆ, ಸಂಜೆಗೆ ಓಂ. ಎರಡನೆಯ ದಿನ ದೋಣಿಯಲ್ಲಿ ಹಾಫ್ ಮೂನ್, ಪ್ಯಾರಡೈಸ್. ಮಧ್ಯಾಹ್ನದ ಮೇಲೆ ಮುರುಡೇಶ್ವರ, ರಾತ್ರಿ ಊರು. ಇಂಥ ಚೀಟಿಯಲ್ಲಿ ದೂರವೆಲ್ಲ ಕಿಲೋಮೀಟರಿನಲ್ಲಿರುತ್ತದೆ. ರೈಲು ನಿಲ್ದಾಣ ಊರಿನಿಂದ ಸುಮಾರು 9 ಕಿಲೋಮೀಟರು ಎಂದಿರುತ್ತದೆ, ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ ವಾಕರ್ ಹಿಡಿದವರು ಬೋಗಿಯ ಕಡಿದಾದ ಮೆಟ್ಟಿಲು ಇಳಿಯಬೇಕು ಎಂದಿರುವುದಿಲ್ಲ. ಕೀಲು ಸವೆದವರಿಗೆ ಕಿಲೋಮೀಟರು ಲೆಕ್ಕವೇ ಅಲ್ಲ. ಎಷ್ಟು ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಂಬಿ ಇದೆಯೇ, ನಡುವೆ ಕೂರುವ ಕಟ್ಟೆ ಎಲ್ಲಿ, ಪಾಯಖಾನೆಯಲ್ಲಿ ಕಮೋಡ್ ಇದೆಯೇ, ಇವು ಅವರ ಅಳತೆಗಳು. ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಹತ್ತುವುದಕ್ಕಿಂತ ಇಳಿಯುವಾಗಲೇ ಮೊಣಕಾಲಿಗೆ ಹೆಚ್ಚು ಹಿಂಸೆ. “ಇಳಿಯೋದಷ್ಟೇ ಅವ್ವ, ಹತ್ತೂದಿಲ್ಲ” ಎಂಬ ನಮ್ಮ ಸಮಾಧಾನ ಅವರ ಕಿವಿಗೆ ಹೇಗೆ ಕೇಳಿಸುತ್ತದೋ.

ಅಳತೆಯ ತಪ್ಪಿಗಿಂತ ದೊಡ್ಡ ತಪ್ಪು ಇನ್ನೊಂದಿದೆ. ಗೋಕರ್ಣವೆಂಬ ಹೆಸರಿನಲ್ಲಿ ಎರಡು ಊರುಗಳಿವೆ. ಕೋಟಿತೀರ್ಥದ ಕಡೆಯಿಂದ ದೇವಸ್ಥಾನಗಳನ್ನು ದಾಟಿ ಕಡಲಿನವರೆಗೆ ಹಬ್ಬಿರುವ ಸಮತಟ್ಟಾದ ಹಳೆಯ ಊರು ಒಂದು. ಅದರ ತೆಂಕಣಕ್ಕೆ ಚಿರೇಕಲ್ಲಿನ ಗುಡ್ಡಗಳು ಕಡಲಿಗೆ ಮೂಗು ಚಾಚಿ ನಿಂತಿರುವ, ಮೂಗು ಮೂಗಿನ ನಡುವೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಡಗಿರುವ ಇನ್ನೊಂದು ಊರು. ಈ ಎರಡನೆಯ ಊರು ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವ ಎಳೆಯರಿಂದ ಹೆಸರಾದದ್ದು. ಹಾಫ್ ಮೂನ್, ಪ್ಯಾರಡೈಸ್‌ಗಳಿಗೆ ಇಂದಿಗೂ ಕಾಲುದಾರಿಯಲ್ಲಿ ನಡೆಯಬೇಕು, ಇಲ್ಲವೇ ದೋಣಿ ಹತ್ತಬೇಕು. ದೋಣಿಗೆ ಕಟ್ಟೆಯಿಲ್ಲ. ಅಲೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಅಲುಗಾಡುವ ಅಂಚಿನ ಮೇಲೆ ಕಾಲೆತ್ತಿ ಹಾಕಬೇಕು. ಹಿರಿಯರಿಗೆ ಇದು ಕೂಡದು ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ.

ಮೊದಲನೆಯ ಊರಿಗೆ ತಲೆತಲಾಂತರದಿಂದ ಬರುತ್ತಿರುವವರು ಯಾರು? ಸಮುದ್ರಸ್ನಾನಕ್ಕೆ, ಪಿತೃಕಾರ್ಯಕ್ಕೆ, ಸಾಯುವುದರೊಳಗೆ ಒಮ್ಮೆ ಲಿಂಗ ಮುಟ್ಟಬೇಕೆಂಬ ಹರಕೆಗೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚು. ಅವರ ಕಾಲಿಗೆ ಒದಗುವಂತೆ ಬೆಳೆದ ಊರನ್ನು ನಮ್ಮ ಚೀಟಿ ಬೆಳಗಿನ ಒಂದು ತಾಸಿಗೆ ಇಳಿಸಿ, ಎಳೆಯರ ಗುಡ್ಡಕ್ಕೆ ಉಳಿದ ದಿನವನ್ನೆಲ್ಲ ಬರೆದುಕೊಡುತ್ತದೆ. ನನ್ನ ಆಕ್ಷೇಪದ ತಿರುಳು ಇದು. ಓಡಾಡಲು ಕಷ್ಟವಾದ ತಂದೆತಾಯಿಯ ಜೊತೆ ಹೋಗುವವರು ರಥಬೀದಿಯನ್ನು ಪ್ರವಾಸದ ನಡುಮನೆಯಾಗಿ ಮಾಡಿಕೊಳ್ಳಬೇಕು. ಗುಡ್ಡ ಅದರ ಕಿಟಕಿಯಾದರೆ ಸಾಕು.

ರಥಬೀದಿಯ ಹೆಸರಿನಲ್ಲೇ ಗುಟ್ಟಿದೆ. ಶಿವರಾತ್ರಿಯ ದೊಡ್ಡ ತೇರು ಉರುಳಬೇಕಾದ ಬೀದಿ ಅದು. ಅಷ್ಟು ಭಾರದ ಮರದ ಗಾಲಿ ಉರುಳಬೇಕಾದರೆ ನಡುವೆ ಮೆಟ್ಟಿಲಿರಬಾರದು, ಕಡಿದಾದ ಏರಿರಬಾರದು, ಅಗಲ ಬೇಕು. ದೇವರ ಗಾಲಿಗೆ ಅಣಿಯಾದ ಬೀದಿ ಮನುಷ್ಯರ ಗಾಲಿಕುರ್ಚಿಗೂ ಒದಗುತ್ತದೆ. ಎರಡನೆಯ ಸಲ ಹೋದಾಗ ನಮಗಿದು ಗೊತ್ತಾಯಿತು. ಬೆಳಿಗ್ಗೆ ಬಿಸಿಲೇರುವ ಮೊದಲು ಅವ್ವನನ್ನು ಕುರ್ಚಿಯಲ್ಲಿ ತಳ್ಳಿಕೊಂಡು ಹೊರಟರೆ ಹೂವಿನ ಅಂಗಡಿ, ತಾಮ್ರದ ಗಿಂಡಿ, ರುದ್ರಾಕ್ಷಿಯ ಸರ, ಸೊಪ್ಪು ಹರವಿಕೊಂಡು ಕೂತ ಹಾಲಕ್ಕಿ ಹೆಂಗಸರು, ಅವರ ಕೊರಳು ತುಂಬಿದ ಕರಿಮಣಿ. ಪ್ರತಿಯೊಂದರ ಮುಂದೂ ನಿಲ್ಲಬೇಕು, ದರ ಕೇಳಬೇಕು. ಒಂದು ಬೀದಿ ದಾಟಲು ಎರಡು ತಾಸು. ಇಷ್ಟು ತುಂಬಿದ ಎರಡು ತಾಸು ನನ್ನ ಹಳೆಯ ಚೀಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಹಾಗೆಂದು ಸಮತಟ್ಟಾದದ್ದೆಲ್ಲ ಸುಲಭವೆಂದು ತಿಳಿಯಬಾರದು. ಬೀದಿಯ ಅಂಚಿಗೆ ಬೈಕುಗಳು, ಚರಂಡಿಯ ಮೇಲಿನ ಎಗುಡುದಿಗುಡು ಚಪ್ಪಡಿ, ಮಲಗಿದ ದನ. ಕೋಟಿತೀರ್ಥದ ಮೆಟ್ಟಿಲು ಪಾಚಿಗಟ್ಟಿರುತ್ತವೆ, ಅಲ್ಲಿ ದಂಡೆಯಲ್ಲೇ ನಿಂತು ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳುವುದು ಸರಿ. ದೇವಸ್ಥಾನದೊಳಗೆ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಎತ್ತರದ ಹೊಸ್ತಿಲು, ಒದ್ದೆ ಕಲ್ಲು, ಬರಿಗಾಲು, ಸರತಿಯ ನೂಕು. ಆತ್ಮಲಿಂಗ ಪೀಠದ ನಡುವಿನ ಕುಳಿಯಲ್ಲಿರುವುದರಿಂದ ಬಾಗಿ ಕೈಯಿಳಿಸಿಯೇ ಮುಟ್ಟಬೇಕು. ಬಾಗಲಾರದವರಿಗೆ ಆ ಗಳಿಗೆ ದೇಹಕ್ಕೂ ಮನಸ್ಸಿಗೂ ಪರೀಕ್ಷೆ. ನನ್ನ ತಂದೆ ಅಲ್ಲಿ ಸೊಂಟ ಹಿಡಿದು ನಿಂತುಬಿಟ್ಟರು, ಹಿಂದಿನವರು ಅವಸರಪಡಿಸಿದರು. ಅರ್ಚಕರೊಬ್ಬರು ಅವರ ತೋಳು ಹಿಡಿದು, “ನಿಧಾನ, ನಿಧಾನ” ಎಂದು ಬಾಗಿಸಿ ಎಬ್ಬಿಸಿದರು. ಇಂಥ ಕೈಗಳು ಸಿಗುತ್ತವೆ, ನಿಜ. ಆದರೆ ಒಬ್ಬರ ಕರುಣೆಯ ಮೇಲೆ ನಿಲ್ಲುವ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲಾಗದು. ಹಿಡಿಯಲು ಒಂದು ಕಂಬಿ, ಸರತಿಯ ನಡುವೆ ಒಂದು ಬೆಂಚು, ಹಿರಿಯರಿಗೆಂದೇ ಮೀಸಲಾದ ಅರ್ಧ ತಾಸು, ಇಷ್ಟನ್ನು ಕೇಳಿದರೆ ಯಾವ ಶಾಸ್ತ್ರಕ್ಕೂ ಭಂಗ ಬರುವುದಿಲ್ಲ. ಶಿವರಾತ್ರಿಯ ದಿನಗಳಲ್ಲಂತೂ ನಡೆಯಲಾರದವರನ್ನು ಕರೆತರಬೇಡಿ. ತೇರಿನ ಬೀದಿ ಆಗ ತಲೆಗಳ ಕಡಲು. ಮಳೆಗಾಲವೂ ಬೇಡ, ಚಿರೇಕಲ್ಲು ಜಾರುತ್ತದೆ, ಸಮುದ್ರ ದಂಡೆ ಬಡಿಯುತ್ತದೆ.

ಬೀದಿ ಮುಗಿದಲ್ಲಿ ಊರ ಕಡಲು. ಚೆಂದದ ಪಟಗಳಲ್ಲಿ ಇದಕ್ಕೆ ಜಾಗ ಕಡಿಮೆ, ಆದರೆ ನನ್ನ ಮಟ್ಟಿಗೆ ಗೋಕರ್ಣದ ಕಡಲುಗಳಲ್ಲಿ ಎಲ್ಲಕ್ಕಿಂತ ಉದಾರವಾದದ್ದು ಇದೇ. ಇಲ್ಲಿಗೆ ಬರಲು ಗುಡ್ಡ ಇಳಿಯಬೇಕಿಲ್ಲ. ಒಣ ಮರಳಿನಲ್ಲಿ ಗಾಲಿಕುರ್ಚಿಯ ಸಣ್ಣ ಗಾಲಿ ಹೂತುಹೋಗುತ್ತದೆ, ಅದೊಂದು ಅಡ್ಡಿ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು ಬಿಟ್ಟುಹೋದ ಹಸಿ ಮರಳು ಮಾತ್ರ ಗಟ್ಟಿಯಾಗಿರುತ್ತದೆ. ಆದ್ದರಿಂದ ಇಳಿತದ ಹೊತ್ತು ತಿಳಿದುಕೊಂಡೇ ಹೊರಡಬೇಕು. ದಂಡೆಯ ಮೇಲಿನ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ, ಅದು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ. ಒಣ ಮರಳಿನ ಒಂದಿಷ್ಟು ದೂರವನ್ನು ಕುರ್ಚಿಯನ್ನು ಹಿಮ್ಮುಖವಾಗಿ ಎಳೆದು ದಾಟಿಸಬಹುದು, ದೊಡ್ಡ ಗಾಲಿ ಮೊದಲು ಹೋಗುವಂತೆ. ಪ್ರವಾಸದ ದಿನಚರಿಯನ್ನು ಹೋಟೆಲಿನ ತಿಂಡಿಯ ಹೊತ್ತಿಗೆ ಹೊಂದಿಸುವ ನಾವು ಕಡಲಿನ ಹೊತ್ತಿಗೆ ಹೊಂದಿಸಿದರೆ, ಅವ್ವನಂಥವರ ಪಾದಕ್ಕೂ ನೀರು ತಾಗುತ್ತದೆ.

ಇನ್ನು ಓಂ ಬೀಚು. ಅದನ್ನು ಪೂರ್ತಿ ಬಿಟ್ಟುಬಿಡಿ ಎನ್ನಲಾರೆ. ಎರಡು ಬಾಗಿದ ದಂಡೆಗಳು ಕೂಡಿ ಓಂಕಾರದಂತೆ ಕಾಣುವುದು ಎತ್ತರದಿಂದ. ಮೆಟ್ಟಿಲಿಳಿದು ಮರಳಿನ ಮೇಲೆ ನಿಂತವರಿಗೆ ಆ ಆಕಾರ ತಿಳಿಯುವುದೇ ಇಲ್ಲ. ಕೆಳಗಿಳಿಯಲಾರದವರಿಗೇ ಆ ಹೆಸರಿನ ಅರ್ಥ ಕಾಣುವ ಜಾಗ ಸಿಕ್ಕಿದೆ! ಆದರೆ ನಾವು ಅವರನ್ನು ಕೂರಿಸುವುದು ಕಾರುಗಳ ಬೆನ್ನು ಮಾತ್ರ ಕಾಣುವ ಮೂಲೆಯಲ್ಲಿ. ಗುಡ್ಡದ ನೋಟದ ಜಾಗದಲ್ಲಿ ಬೆನ್ನೊರಗುವ ಬೆಂಚು, ನೆರಳು, ಒಂದು ಶೌಚಾಲಯ ಎಷ್ಟು ದೊಡ್ಡ ಖರ್ಚು? ಇಳಿಜಾರು ದಾರಿಯನ್ನೇ ಮಾಡಿ ಎಂದು ಕೇಳಬಹುದು. ಗಾಲಿಕುರ್ಚಿಯ ಇಳಿಜಾರಿಗೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕೆಂಬುದು ಲೆಕ್ಕ. 100 ಅಡಿ ಗುಡ್ಡಕ್ಕೆ 1200 ಅಡಿ, ನಡುನಡುವೆ ನಿಲ್ಲುವ ಕಟ್ಟೆಗಳು ಬೇರೆ. ಅದಕ್ಕಾಗಿ ಗುಡ್ಡವನ್ನು ಸೀಳುವುದು ನನಗೂ ಬೇಡ. ಪ್ರತಿ ದಂಡೆಗೂ ಎಲ್ಲರೂ ತಲುಪಲೇಬೇಕೆಂದು ನಾನು ಹೇಳುತ್ತಿಲ್ಲ. ತಲುಪಬಹುದಾದ ಜಾಗವನ್ನು ಮರ್ಯಾದೆಯಿಂದ ಕೂರುವಂತೆ ಮಾಡಿ ಎಂದಷ್ಟೇ ಕೇಳುತ್ತಿದ್ದೇನೆ.

ಇದು ಮಕ್ಕಳ ಹೊಣೆಯಷ್ಟೇ ಅಲ್ಲ ಎಂಬ ಮಾತನ್ನೂ ಸೇರಿಸಬೇಕು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಅದರ ಅಡಿಯ ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು. ಅದೇ ಕರಾವಳಿಯಲ್ಲಿ ಹೊನ್ನಾವರದ ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಅಂಗವಿಕಲರಿಗೆ ಅನುಕೂಲ ಇರಬೇಕೆಂಬುದೂ ಆ ಮಾನ್ಯತೆಯ ಅಳತೆಗೋಲುಗಳಲ್ಲೊಂದು. ಮುರುಡೇಶ್ವರದಲ್ಲಿ ಕಂದುಕಗಿರಿಯ 123 ಅಡಿಯ ಶಿವನ ಬುಡಕ್ಕೆ ಮೆಟ್ಟಿಲು ಹತ್ತಲಾರದವರು 20 ಅಂತಸ್ತಿನ ರಾಜಗೋಪುರದ ಲಿಫ್ಟಿನಲ್ಲಿ ಮೇಲೆ ಹೋಗಿ ಅವನನ್ನು ಎದುರಾಎದುರು ನೋಡಬಹುದು. ನಮ್ಮಪ್ಪ ಆ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಹೀಗಾಗಿ ಮುರುಡೇಶ್ವರ ಒಳ್ಳೆಯ ಆಯ್ಕೆಯೇ, ಆದರೆ ಗೋಕರ್ಣದ ದಿನದ ಬಾಲಕ್ಕೆ ಕಟ್ಟಬಾರದು. ಅದಕ್ಕೆ ಬೇರೆ ದಿನ ಇಡಬೇಕು.

ವಸತಿಯ ವಿಷಯದಲ್ಲಿ ಒಂದೇ ಮಾತು. ಕಡಲು ಕಾಣುವ ಕೋಣೆ ಎಂದರೆ ಅನೇಕ ಸಲ ಗುಡ್ಡದ ಮೇಲಿನ ಕೋಣೆ ಎಂದರ್ಥ. ನಮಗೆ ನೆಲಮಹಡಿ ಎಂದು ಹೇಳಿ ಕೊಟ್ಟ ಕೋಣೆಗೆ ಹೋಗಲು ಅಂಗಳದಿಂದಲೇ ಮೆಟ್ಟಿಲಿದ್ದವು. ರಾತ್ರಿ ಅಪ್ಪ ಪಾಯಖಾನೆಗೆ ಹೋಗಲು ಹೆದರಿ ನೀರು ಕುಡಿಯುವುದನ್ನೇ ಬಿಟ್ಟರು. ಮುಂಗಡ ಕೊಡುವ ಮೊದಲು ಕಾರಿನ ಬಾಗಿಲಿನಿಂದ ಮಂಚದವರೆಗಿನ, ಮಂಚದಿಂದ ಕಮೋಡಿನವರೆಗಿನ ದಾರಿಯ ವಿಡಿಯೋ ತರಿಸಿಕೊಳ್ಳಿ. ಕೇಳಿದರೆ ಕಳಿಸುತ್ತಾರೆ.

ಎರಡನೆಯ ಸಲದ ಪ್ರವಾಸಕ್ಕೆ ಚೀಟಿ ಬರೆಯುವ ಮೊದಲು ಅವ್ವನನ್ನೇ ಕೇಳಿದ್ದೆ, ಏನೇನು ನೋಡಬೇಕು ನಿನಗೆ ಎಂದು. ಅವಳ ಪಟ್ಟಿಯಲ್ಲಿ ಬೀಚುಗಳ ಹೆಸರೇ ಇರಲಿಲ್ಲ. “ನೀರು ಕಾಲಿಗೆ ತಾಗಿದ್ರ ಸಾಕಪ್ಪ ನನಗ. ಮತ್ತ ಆ ತೇರು ಒಮ್ಮೆ ಸಮೀಪದಿಂದ ನೋಡ್ಬೇಕು.” ಯಲ್ಲಾಪುರದಲ್ಲಿ ಅರ್ಧ ತಾಸು ನಿಂತು ಕಾಲಾಡಿಸಿ, ಅರಬೈಲ್ ಘಟ್ಟವನ್ನು ನಿಧಾನ ಇಳಿದು, ಮೊದಲ ದಿನ ಬರೀ ವಿಶ್ರಾಂತಿಗೆ ಬಿಟ್ಟೆವು. ಮರುದಿನ ತೇರಿನ ಹತ್ತಿರ ಕುರ್ಚಿ ನಿಲ್ಲಿಸಿದಾಗ ಅವಳು ಕೈ ಚಾಚಿ ಮರದ ಗಾಲಿಯನ್ನು ಮುಟ್ಟಿದಳು, ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಕೂತವಳ ಕೈಗೆ ಗಾಲಿ ಸರಿಯಾಗಿ ಎಟುಕಿತ್ತು. ಆಮೇಲೆ ನನ್ನ ಕಡೆ ತಿರುಗಿ, “ನಡಿ, ನೀರು ಹಿಂದ ಸರದಿರಬೇಕು ಈಗ” ಎಂದಳು.