ಹೈಬ್ರಿಡ್ ಕ್ಲೌಡ್: ಒಂದು ಲಕ್ಷಣದ ವಿಮರ್ಶೆ

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ, ಮೆಲ್ ಮತ್ತು ಗ್ರಾನ್ಸ್ ಅವರ ಕಿರುಹೊತ್ತಗೆಯು ಕ್ಲೌಡ್ ಕಂಪ್ಯೂಟಿಂಗಿಗೆ ಲಕ್ಷಣಗ್ರಂಥವೆಂದೇ ಮಾನ್ಯವಾಗಿದೆ. ಪ್ರತ್ಯೇಕವಾಗಿಯೇ ಉಳಿಯುವ ಕ್ಲೌಡುಗಳನ್ನು, ದತ್ತಾಂಶವೂ ತಂತ್ರಾಂಶವೂ ಒಂದರಿಂದ ಮತ್ತೊಂದಕ್ಕೆ ಸಾಗುವಂತೆ ಬೆಸೆದ ವ್ಯವಸ್ಥೆಯೇ ಹೈಬ್ರಿಡ್ ಕ್ಲೌಡ್ ಎಂಬುದು ಅದರ ಮತ. ವ್ಯಾಪಾರದ ಲಾಭವನ್ನು ಈ ಲಕ್ಷಣವು ಸರಿಯಾಗಿಯೇ ಹಿಡಿದಿದೆ: ಸಂಸ್ಥೆಯೊಂದು ಮುಖ್ಯ ದಾಖಲೆಗಳನ್ನು ಸ್ವಂತ ಯಂತ್ರಗಳಲ್ಲಿಟ್ಟು, ಕೆಲಸ ಹೆಚ್ಚಿದಾಗ ಮಾತ್ರ ಹೊರಗಿನ ಯಂತ್ರಶಕ್ತಿಯನ್ನು ಬಾಡಿಗೆಗೆ ಪಡೆಯಬಹುದು.

ಆದರೆ ಆ ಬೆಸುಗೆಯನ್ನು ಕಾಯುವವರು ಯಾರೆಂಬ ವಿಷಯದಲ್ಲಿ ಲಕ್ಷಣವು ಮೌನವಾಗಿದೆ. ರೂಢಿಯ ಒಪ್ಪಂದಗಳಲ್ಲಿ ಯಂತ್ರಾಲಯದ ರಕ್ಷಣೆ ಒದಗಿಸುವವರದು. ಒಳದಾರಿಗಳ ಕಾವಲು ಬಹುಮಟ್ಟಿಗೆ ಬಾಡಿಗೆದಾರರದು. 2019ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕು ಬಾಡಿಗೆಯ ಕ್ಲೌಡಿನಲ್ಲಿಟ್ಟಿದ್ದ, ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿಯು ತಪ್ಪಾಗಿ ಹೊಂದಿಸಿದ್ದ ಫೈರ್‌ವಾಲಿನ ಮೂಲಕ ಕಳುವಾಯಿತು. ಹೈಬ್ರಿಡ್ ಪದ್ಧತಿಯಲ್ಲಿಯಾದರೋ ಅಂತಹ ದಾರಿಯು ಸ್ವಂತ ಉಗ್ರಾಣದೊಳಕ್ಕೂ ತೆರೆದೀತು. ಹೊಣೆಯ ಗಡಿಯನ್ನು ಗುರುತಿಸದ ಲಕ್ಷಣವು ಅವ್ಯಾಪ್ತಿದೋಷಕ್ಕೆ ಒಳಗಾದುದೆಂದೇ ಹೇಳಬೇಕಾಗುತ್ತದೆ.