ಗಂಟುನೋವು ಇಳಿಸಿದ್ದು ಲಕ್ಕಿಯೋ, ಬಿಸಿನೀರೋ?

2008ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಚಿಕೂನ್‌ಗುನ್ಯ ಹರಡಿತು. ಪುತ್ತೂರು, ಸುಳ್ಯ ಮತ್ತು ಆಗ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಕಡಬದಲ್ಲಿ ಎಷ್ಟೋ ಜನ ಎದ್ದು ನಿಲ್ಲಲಾರದೆ ನರಳಿದರು. ಜ್ವರ ಸುಮಾರು ಒಂದು ವಾರದಲ್ಲಿ ಬಿಟ್ಟರೂ ಗಂಟುನೋವು ಬಿಡಲಿಲ್ಲ. ಈ ವೈರಸ್ಸಿಗೆ ನಿರ್ದಿಷ್ಟ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇಂಥ ನೋವಿಗೆ ನಮ್ಮ ಕಡೆಯ ಮನೆಮದ್ದು ಲಕ್ಕಿ ಸೊಪ್ಪು, ತುಳುವಿನ 'ನೆಕ್ಕಿ'. ಸೊಪ್ಪು ಕುದಿಸಿದ ನೀರಿನಲ್ಲಿ ಸ್ನಾನ, ಬಿಸಿ ಸೊಪ್ಪಿನ ಶಾಖ. 'ಲಕ್ಕಿಯಿಂದಲೇ ಗುಣವಾಯಿತು' ಎನ್ನುವವರನ್ನು ನೀವೂ ಕೇಳಿರಬಹುದು.

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಲಕ್ಕಿ ಎಲೆಯ ಸಾರದಿಂದ ಇಲಿಗಳಲ್ಲಿ ಉರಿಯೂತ, ನೋವು ಕಡಿಮೆಯಾದ ವರದಿಗಳಿವೆ. ಆದರೆ ಅದನ್ನು ಹಾಗೆಯೇ ಒಪ್ಪುವಂತೆಯೂ ಇಲ್ಲ. ಏಕೆ?

ವರ್ನಿಯರ್ ಮಾಪಕದಲ್ಲಿ ಅಳೆಯುವ ಮೊದಲು ಶೂನ್ಯ ದೋಷ ನೋಡುತ್ತೇವಲ್ಲವೆ? ಇಲ್ಲಿ ಆ ದೋಷಗಳು ಎರಡು. ಒಂದು, ಬಿಸಿ. ಬರೀ ಬಿಸಿನೀರಿನ ಶಾಖವೂ ಬಿಗಿದ ಸ್ನಾಯುಗಳನ್ನು ಸಡಿಲಿಸಿ ನೋವು ತಗ್ಗಿಸುತ್ತದೆ. ಎರಡು, ಕಾಲ. ಹೆಚ್ಚಿನ ರೋಗಿಗಳಲ್ಲಿ ಈ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನೋವು ಮಿತಿಮೀರಿದಾಗಲೇ ನಾವು ಮದ್ದು ಹುಡುಕುವುದರಿಂದ, ಆಮೇಲೆ ಇಳಿದದ್ದೆಲ್ಲ ಮದ್ದಿನ ಲೆಕ್ಕಕ್ಕೆ ಸೇರುತ್ತದೆ. ಈ ಎರಡನ್ನೂ ಕಳೆದ ಮೇಲೆ ಉಳಿಯುವುದಷ್ಟೇ ಎಲೆಯ ಪಾಲು.

ಅದನ್ನು ಅಳೆಯುವುದು ಹೇಗೆ? ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದಕ್ಕೆ ಲಕ್ಕಿಯ ಶಾಖ, ಇನ್ನೊಂದಕ್ಕೆ ಔಷಧಗುಣವಿಲ್ಲದ ಬೇರೆ ಸೊಪ್ಪಿನ ಶಾಖ; ಉಷ್ಣತೆ, ಅವಧಿ ಒಂದೇ. ಯಾರಿಗೆ ಯಾವುದೆಂದು ರೋಗಿಗೂ ನೋವು ದಾಖಲಿಸುವವರಿಗೂ ತಿಳಿಯಬಾರದು. ಲಕ್ಕಿಗೆ ತನ್ನದೇ ವಾಸನೆಯಿರುವುದರಿಂದ ಇದು ಸುಲಭವಲ್ಲ. ಆದರೂ ಬಿಸಿಯ ಪಾಲನ್ನು ಬೇರ್ಪಡಿಸದೆ ಎಲೆಯ ಗುಣ ಹೇಳಲಾಗದು.

'ಗಿಡಮೂಲಿಕೆ ತಾನೆ, ಕೆಡುಕೇನು?' ಎಂಬ ವಾದವೂ ಉಂಟು. ಹೊರಗೆ ಹಚ್ಚುವುದು ಬೇರೆ, ಕುಡಿಯುವುದು ಬೇರೆ. ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅವರು ಸೇವಿಸಿದ್ದು ನಿಜವಾಗಿ ಅಮೃತಬಳ್ಳಿಯೇ ಎಂಬುದನ್ನು ಖಚಿತಪಡಿಸಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಗಿಡದ ಗುರುತು, ಪ್ರಮಾಣ ಎರಡೂ ಮುಖ್ಯವೆಂಬ ಪಾಠ ಈ ವಿವಾದದಲ್ಲೇ ಇದೆ.

ಲಕ್ಕಿಯ ಶಾಖ ಹಿತವೆನಿಸಿದರೆ ತೆಗೆದುಕೊಳ್ಳಿ, ಚರ್ಮ ಸುಡದಂತೆ ನೋಡಿಕೊಳ್ಳಿ. ಆದರೆ ಗಂಟಿನ ಬಾವು ವಾರಗಟ್ಟಲೆ ಉಳಿದರೆ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಬೇಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಗೆರಟೆಗಳಲ್ಲಿ ನಿಂತ ಮಳೆನೀರನ್ನು ವಾರಕ್ಕೊಮ್ಮೆ ಚೆಲ್ಲಿ. ರೋಗ ಹರಡುವ ಏಡಿಸ್ ಸೊಳ್ಳೆ ಹುಟ್ಟುವುದು ಅಲ್ಲೇ.